ತಲೆಕೆಳಗು ಮಾಡಿದ ಪಿನ್ ಡಬ್ಬಿ

ಬೀಗದೊಳಗೆ ಕೂರಿಸುವ ಪಿನ್ನುಗಳ ಡಬ್ಬಿ ಆರಿಸಲು ಹೊರಟ ದಿನ ಆರ್ಡಿಸ್ ವೋರ್‌ವಾಲ್ಡ್ ತನ್ನ ಗೆಳತಿ ನೊರೀನಳನ್ನೂ ಎಳೆದುಕೊಂಡು ಹೋಗಿದ್ದಳು. ನೊರೀನ್ ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬೀಗದ ಕಸುಬಿನ ಗಂಧಗಾಳಿಯೂ ಅವಳಿಗಿರಲಿಲ್ಲ. "ನಾನ್ಯಾಕೆ ಬರ್ಲಿ?" ಎಂದಿದ್ದಕ್ಕೆ ಆರ್ಡಿಸ್, "ಆ ಅಂಗಡಿಯ ವರ್ಜಿಲ್ ಬಾಯಿ ತೆಗೆದ ಅಂದ್ರೆ ನಾನು ಮರುಳಾಗ್ತೀನಿ. ನೀನು ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿರು ಸಾಕು. ಅದು ನಿನಗೆ ಚೆನ್ನಾಗಿ ಬರುತ್ತೆ" ಎಂದಿದ್ದಳು.

ಈಗ ಆರ್ಡಿಸ್ ಇಲ್ಲ. ಈ ಚಳಿಗಾಲ ಮುಗಿದು ಮಿಸಿಸಿಪ್ಪಿ ನದಿಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಹೋದಳು. ಅವಳನ್ನು ನೆನೆದರೆ ನೊರೀನಳ ಕಣ್ಣಿಗೆ ಮೊದಲು ಕಟ್ಟುವುದು ಆಸ್ಪತ್ರೆಯ ಹಾಸಿಗೆಯಲ್ಲ, ವರ್ಜಿಲನ ಅಂಗಡಿಯ ಗಾಜಿನ ಮೇಜು.

ಆಗ ಆರ್ಡಿಸ್ ಡುಬ್ಯೂಕ್ ಊರಿನ ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ಬಹುಕಾಲ ಕೀಲಿಕೈ ಕತ್ತರಿಸುತ್ತಿದ್ದ ನೌಕರಿ ಬಿಟ್ಟು, ಸ್ವಂತ ವ್ಯಾನು ಕೊಂಡು, ಅದರ ಮೇಲೆ ತನ್ನ ಹೆಸರು ಬರೆಸಿದ್ದಳು. ಕೆಲಸ ಮಾತ್ರ ಇರಲಿಲ್ಲ. ನೊರೀನ್ ವಾಸವಾಗಿದ್ದ ಗುಡ್ಡದ ಮೇಲಿನ ಇಟ್ಟಿಗೆ ಕಟ್ಟಡದ ಮೇಲ್ವಿಚಾರಕಿ ಮಿಸೆಸ್ ಫೋಲ್ ಎಲ್ಲ ಮನೆಗಳ ಬೀಗ ಬದಲಿಸಬೇಕೆಂದಿದ್ದಳು. ಹಳೆಯ ಮೇಲ್ವಿಚಾರಕ ಬಿಟ್ಟುಹೋಗುವಾಗ ಕೀಲಿಕೈಗಳ ಲೆಕ್ಕ ಒಪ್ಪಿಸಿರಲಿಲ್ಲ. ನೊರೀನ್ ಹೋಗಿ ಗೆಳತಿಯ ಪರವಾಗಿ ಮಾತಾಡಿದಳು. ಬೀಗವನ್ನೇ ಕಿತ್ತು ಹಾಕಬೇಕಾಗಿಲ್ಲ, ಅದರ ಹೊಟ್ಟೆಯೊಳಗಿನ ಪಿನ್ನುಗಳನ್ನು ಬದಲಿಸಿದರೆ ಹಳೆಯ ಕೀಲಿಕೈ ಸತ್ತು ಹೊಸದು ಹುಟ್ಟುತ್ತದೆ ಎಂದು ಆರ್ಡಿಸ್ ಹೇಳಿಕೊಟ್ಟಿದ್ದನ್ನು ಗಿಳಿಪಾಠ ಒಪ್ಪಿಸಿದಳು. "ಮೊದಲು ಕೆಳಗಿನ ಅಂತಸ್ತು ಮಾಡಲಿ, ನೋಡೋಣ. ಅಲ್ಲಿರೋರು ದೂರು ತಂದ್ರೆ ಮೇಲಿನದು ಬೇರೆಯವರಿಗೆ" ಎಂದಳು ಮಿಸೆಸ್ ಫೋಲ್. ಆ ಕಟ್ಟಡ ಸಿಕ್ಕಿದರೆ ವ್ಯಾನಿನ ಮೇಲಿನ ಹೆಸರು ಉಳಿಯುತ್ತಿತ್ತು. ಇಲ್ಲದಿದ್ದರೆ ಆರ್ಡಿಸ್ ಮತ್ತೆ ಹಾರ್ಡ್‌ವೇರ್ ಅಂಗಡಿಯ ಮೂಲೆಗೆ.

ವರ್ಜಿಲ್ ಮೊದಲು ಮೇಜಿನ ಮೇಲೆ ತಂದಿಟ್ಟದ್ದು ದೊಡ್ಡ ಡಬ್ಬಿ. ಮುಚ್ಚಳ ತೆಗೆದರೆ ರಂಗೋಲಿ ಬಿಡಿಸಿದ ಹಾಗೆ ಬಣ್ಣಬಣ್ಣದ ಪಿನ್ನುಗಳು, ಸಾಲುಸಾಲು ಗೂಡುಗಳು. ಒಂದು ಗೂಡಿನ ಪಿನ್ನಿಗೂ ಮುಂದಿನದಕ್ಕೂ ಕೂದಲೆಳೆಯ ಅಂತರ.

"ಇದೊಂದಿದ್ರೆ ಯಾವ ಕಂಪನಿ ಬೀಗ ಬಂದ್ರೂ ಚಿಂತೆ ಇಲ್ಲ ಕಣಮ್ಮ," ಎಂದ. "ಗಿರಾಕಿ ಸವೆದ ಕೀ ತಂದ್ರೂ ಅಷ್ಟೇ. ಸವೆದಿರೋದು ಎಷ್ಟೋ ಅಷ್ಟಕ್ಕೆ ಸರಿಯಾಗಿ ಪಿನ್ ಕೂರಿಸು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗುತ್ತೆ. ಅವರೂ ಖುಷಿ, ನೀನೂ ಖುಷಿ."

"ಇನ್ನೊಂದು?"

"ಇನ್ನೊಂದು ಬೀಗದ ಕಂಪನಿಯವರದೇ. ಅವರ ಬೀಗಕ್ಕೆ ಮಾತ್ರ. ಅಂಕಿ ಹಾಕಿರೋ ಕೆಲವೇ ಅಳತೆ, ಮಧ್ಯ ಏನೂ ಇಲ್ಲ. ಒಂಥರಾ ನಮ್ಮ ಪಾದ್ರಿ ಇದ್ದ ಹಾಗೆ, ಕ್ಷಮಿಸೋದೇ ಇಲ್ಲ."

ಆರ್ಡಿಸ್ ದೊಡ್ಡ ಡಬ್ಬಿಯ ಮುಚ್ಚಳ ಹಾಕಿದಳು, ಚಿಲಕ ಬಿಗಿದಳು. ಆಮೇಲೆ ಅದನ್ನು ಎತ್ತಿ ತಲೆಕೆಳಗು ಮಾಡಿ, ಗೋಧಿ ಕೇರುವವಳ ಹಾಗೆ ಚೆನ್ನಾಗಿ ಅಲುಗಾಡಿಸಿದಳು.

"ಅಯ್ಯೋ, ಏನ್ ಮಾಡ್ತಿದೀಯ!" ವರ್ಜಿಲ್ ಮೇಜಿನ ಮೇಲೆ ಬಿದ್ದೇಬಿಟ್ಟ.

"ನನ್ನ ವ್ಯಾನು ಈ ಊರಿನ ಗುಡ್ಡ ಹತ್ತಬೇಕು, ಇಳೀಬೇಕು," ಎನ್ನುತ್ತ ಮುಚ್ಚಳ ತೆಗೆದಳು. ಮೂಲೆಯ ಗೂಡಿನ ಹಸಿರು ಪಿನ್ನುಗಳು ಕೆಂಪಿನವುಗಳ ಮನೆಗೆ ನೆಂಟರಾಗಿ ಹೋಗಿದ್ದವು. "ನೋಡಿದ್ಯಾ? ಬಣ್ಣ ಸವೆದ ಮೇಲೆ ಇವುಗಳನ್ನ ಕಣ್ಣಲ್ಲಿ ನೋಡಿ ಬೇರೆ ಮಾಡೋದು ದೇವರಿಗೂ ಆಗಲ್ಲ."

ಚಿಕ್ಕ ಡಬ್ಬಿಗೂ ಅದೇ ಶಿಕ್ಷೆಯಾಯಿತು. ಅದರ ಮುಚ್ಚಳದ ಒಳಗೆ ದಪ್ಪ ರಬ್ಬರ್ ಹಾಳೆ ಇತ್ತು. ಒಂದು ಪಿನ್ನೂ ಮನೆ ಬಿಟ್ಟು ಕದಲಿರಲಿಲ್ಲ. ಆರ್ಡಿಸ್ ಅದನ್ನೇ ಕೊಂಡಳು. ನೊರೀನ್ ಗಂಟಿಕ್ಕಿದ್ದ ಮುಖವನ್ನು ಆಗಷ್ಟೇ ಸಡಿಲಿಸಿದಳು.

ಹಿಂದಿರುಗುವ ದಾರಿಯಲ್ಲಿ ಟರ್ಕಿ ಸ್ಯಾಂಡ್‌ವಿಚ್ ತಿನ್ನುತ್ತ ನೊರೀನ್ ಕೇಳಿದಳು, "ಅಲುಗಾಡಿಸಿದ್ದಕ್ಕೇನಾ ದೊಡ್ಡದನ್ನ ಬಿಟ್ಟಿದ್ದು?"

"ಅದು ವರ್ಜಿಲನ ಬಾಯಿ ಮುಚ್ಚಿಸೋಕೆ. ಅಂಗಡೀಲಿದ್ದಾಗ ಬೇರೆಯವರು ಮಾಡಿದ ಬೀಗ ಎಷ್ಟು ಬಿಚ್ಚಿದೀನಿ ಗೊತ್ತಾ? ಸವೆದ ಕೀಗೆ ತಕ್ಕ ಹಾಗೆ ಮನಸ್ಸಿಗೆ ಬಂದ ಅಳತೆಯ ಪಿನ್ನು. ಕೆಲವನ್ನು ಅರದಿಂದ ಉಜ್ಜಿರ್ತಾರೆ. ಒಳಗೆ ಏನಿದೆ ಅಂತ ಓದೋಕೇ ಆಗಲ್ಲ. ನಿನ್ನ ಗ್ರಂಥಾಲಯದಲ್ಲಿ ಒಬ್ಬೊಬ್ಬಳು ಒಂದೊಂದು ಥರ ಪುಸ್ತಕ ಜೋಡಿಸಿದ್ರೆ?"

"ನಾನು ಒಬ್ಬೊಬ್ಬಳನ್ನೂ ಮೆಟ್ಟಿಲ ಮೇಲಿಂದ ತಳ್ಳಿರ್ತಿದ್ದೆ."

"ಹಾಂ, ಅದೇ."

ಕೆಳಗಿನ ಅಂತಸ್ತಿನ ಮನೆಗಳು ಒಂದೊಂದಾಗಿ ಮುಗಿದವು, ಯಾರೂ ತಕರಾರು ಎತ್ತಲಿಲ್ಲ. ಉಳಿದದ್ದು ನೊರೀನಳ ಎದುರು ಮನೆಯ ಅಲೋಯ್ಸ್ ರೆಡಿಂಗ್. ಕಟ್ಟಡದವರೆಲ್ಲ ಸೇರುವ ಕಾಫಿ ಕೋಣೆಯಲ್ಲಿ ಅವರು ಹೇಳಿದ್ದೇ ವೇದವಾಕ್ಯ. ಬಾಗಿಲು ಕಿಟಕಿಗಳ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದ ಮುದುಕರು. ಅವರ ಹಳೆಯ ಸ್ವಂತ ಮನೆಯನ್ನು ಹೆದ್ದಾರಿಗಾಗಿ ಕೆಡವಿದ್ದರು. ಹೆಂಡತಿ ಲಿಯೋನಾ ಅದಕ್ಕೂ ಮುಂಚೆಯೇ ತೀರಿಹೋಗಿದ್ದಳು. ಆ ಮನೆಯ ಮುಂಬಾಗಿಲಿನ ಕೀಲಿಕೈ ಮಾತ್ರ ಅವರ ಜೇಬಿನಲ್ಲೇ ಉಳಿದಿತ್ತು.

"ನನಗೆ ಹೊಸ ಕೀ ಬೇಡ," ಎಂದರು ಬಾಗಿಲಿಗೆ ಅಡ್ಡ ನಿಂತು. "ಇದು ಲಿಯೋನಾಳ ಕೀ. ಬೀಗ ಅದೇ ಕಂಪನೀದು, ನಾನು ನೋಡಿದೀನಿ. ಈ ಬಾಗಿಲು ಇದಕ್ಕೇ ತೆಗೀಬೇಕು."

"ಆಗುತ್ತೆ ಕೊಡಿ. ಬೆಳಿಗ್ಗೆ ಬರೋ ನರ್ಸಮ್ಮನಿಗೂ ಒಂದು ಬೇಕಲ್ವಾ?"

"ಅವಳಿಗೊಂದು ನಕಲು ಮಾಡು. ನಾನು ಬಿದ್ದಿದ್ರೆ ಎತ್ತೋರು ಬೇಕಲ್ಲ."

ಆರ್ಡಿಸ್ ಆ ಕೀಲಿಕೈಯನ್ನು ಬೆಳಕಿಗೆ ಹಿಡಿದಳು. ಹಲ್ಲುಗಳೆಲ್ಲ ನದಿಯ ಕಲ್ಲಿನ ಹಾಗೆ ದುಂಡಗಾಗಿದ್ದವು. ದೊಡ್ಡ ಡಬ್ಬಿ ಇದ್ದಿದ್ದರೆ ಆ ಕೆಲಸ ಕ್ಷಣದ್ದು. ಸವೆದ ಹಲ್ಲಿಗೆ ಸರಿಯಾದ ಪಿನ್ನು ಕೂರಿಸಿದರೆ ಮುದುಕರು ಹಿಗ್ಗಿ ಕಾಫಿ ಕೋಣೆಯಲ್ಲಿ ಹೊಗಳುತ್ತಿದ್ದರು. ಆದರೆ ಸವೆತ ಅಲ್ಲಿಗೇ ನಿಲ್ಲುವುದಿಲ್ಲ. ಜೇಬಿನ ಕೀಲಿಕೈ ಇನ್ನಷ್ಟು ಸವೆಯುತ್ತದೆ, ಸವೆದದ್ದರ ನಕಲು ಒಂದು ದಿನ ನರ್ಸಮ್ಮನ ಕೈಯಲ್ಲಿ ತಿರುಗದೆ ನಿಲ್ಲುತ್ತದೆ. ನೊರೀನ್ ಇದನ್ನೆಲ್ಲ ಆಮೇಲೆ ತಿಳಿದುಕೊಂಡಳು. ಆಗ ಅವಳಿಗೆ ಕಂಡದ್ದು ಗೆಳತಿ ನಿರಾಳವಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತದ್ದು ಮಾತ್ರ.

ಅಳತೆಯ ಪಟ್ಟಿ ಹಿಡಿದು ಒಂದೊಂದು ಹಲ್ಲೂ ಸವೆಯುವ ಮುಂಚೆ ಎಷ್ಟಿತ್ತೆಂದು ಆರ್ಡಿಸ್ ಕಂಡುಕೊಂಡಳು. ಕಂಪನಿಯ ಅಂಕಿಗಳ ನಡುವೆ ಅಂತರ ದೊಡ್ಡದು, ಹಾಗಾಗಿ ಎಷ್ಟು ಸವೆದಿದ್ದರೂ ಹುಟ್ಟಿದಾಗಿನ ಅಂಕಿ ಗುರುತು ಸಿಗುತ್ತಿತ್ತು. ಆ ಅಂಕಿಗಳಿಗೆ ಪಿನ್ನು ಕೂರಿಸಿದಳು. ವ್ಯಾನಿಗೆ ಹೋಗಿ ಅದೇ ಅಂಕಿಗಳಿಗೆ ಎರಡು ಹೊಸ ಕೀಲಿಕೈ ಕತ್ತರಿಸಿ ತಂದಳು.

ರೆಡಿಂಗ್ ಮೊದಲು ತಮ್ಮದನ್ನೇ ತೂರಿಸಿದರು. ಒಳಗೇನೋ ಹೋಯಿತು, ತಿರುಗಲಿಲ್ಲ. ಮತ್ತೆ ತಿರುಗಿಸಿದರು. ಅವರ ಮುಖ ಕೆಂಪಾಯಿತು.

"ಹಾಳು ಮಾಡಿದೆ. ಫೋಲ್‌ನ ಕರೀರಿ."

ಕರೆಯುವುದೇ ಬೇಕಿರಲಿಲ್ಲ. ಗಲಾಟೆ ಕೇಳಿ ಮಿಸೆಸ್ ಫೋಲ್ ತಾನಾಗಿಯೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ರೆಡಿಂಗ್ ಅವರೇ, ಒಂದು ಮಾತು ಕೇಳ್ಲಾ?" ಎಂದಳು ಆರ್ಡಿಸ್, ನೆಲದಿಂದ ಏಳದೆ. "ಒಂದು ಆರ್ಡರಿಗೆ ರಾಶಿ ಕಿಟಕಿ ಚೌಕಟ್ಟು ಮಾಡ್ತಿದ್ರಲ್ಲ, ಎರಡನೇದನ್ನ ಮೊದಲನೇದರಿಂದ ಅಳೀತಿದ್ರಾ? ಮೂರನೇದನ್ನ ಎರಡನೇದರಿಂದ?"

"ಹಾಗೆ ಮಾಡೋನು ಗಾಂಪ. ಕೊನೇದು ಗೋಡೆಗೆ ಕೂರೋದೇ ಇಲ್ಲ."

"ಮತ್ತೆ?"

"ಪ್ರತಿಯೊಂದನ್ನೂ ಮಾದರಿ ಕೋಲಿಂದ..." ಅಲ್ಲಿಗೆ ಅವರು ನಿಂತರು.

"ನಿಮ್ಮ ಕೈಯಲ್ಲಿರೋದು ಕೊನೇ ಚೌಕಟ್ಟು," ಎಂದು ಆರ್ಡಿಸ್ ಹೊಸ ಕೀಲಿಕೈ ಚಾಚಿದಳು. "ಇದು ಮಾದರಿ ಕೋಲು. ಲಿಯೋನಾ ಮೊದಲ ಸಲ ಆ ಬಾಗಿಲು ತೆಗೆದಾಗ ಅವರ ಕೈಯಲ್ಲಿದ್ದ ಕೀ ಹೀಗೇ ಇತ್ತು. ಒಂದು ಅಂಕಿಯೂ ಬೇರೆ ಇಲ್ಲ."

ಮುದುಕರು ಅದನ್ನು ತೆಗೆದುಕೊಂಡರು. ಹೆಬ್ಬೆರಳಿಂದ ಹಲ್ಲುಗಳನ್ನು ತಡವಿದರು. ಬೀಗಕ್ಕೆ ತೂರಿಸಿ ತಿರುಗಿಸಿದರು, ಬಾಗಿಲು ತೆರೆಯಿತು. ಒಳಗೆ ಹೋಗಿ ಹಾಕಿಕೊಂಡರು, ಮತ್ತೆ ತೆಗೆದರು.

"ಚೂಪಾಗಿದೆ. ಲಿಯೋನಾ ಬೈತಿದ್ಲು, ಹೊಸ ಮನೆ ಕೀ ಕೈಗೆ ಕೊರೆಯುತ್ತೆ ಅಂತ," ಎಂದರು ಯಾರಿಗೆಂದಿಲ್ಲದೆ. ಆಮೇಲೆ ಆರ್ಡಿಸ್ ಕಡೆ ತಿರುಗಿ, "ನನ್ನ ಬಾಯಿಂದಲೇ ನನ್ನ ಸೋಲು ಹೇಳಿಸಿದೆ. ಗಟ್ಟಿಗಿತ್ತಿ" ಎಂದರು. ಹಳೆಯ ಕೀಲಿಕೈಯನ್ನೂ ಹೊಸದನ್ನೂ ಒಂದೇ ಕೀಲಿ ಬಳೆಗೆ ಸಿಕ್ಕಿಸಿಕೊಂಡರು.

ಮಿಸೆಸ್ ಫೋಲ್ ಸೊಂಟದಿಂದ ಕೈ ತೆಗೆದಳು. "ಮೇಲಿನ ಅಂತಸ್ತು ಯಾವಾಗ ಶುರು ಮಾಡ್ತೀಯ?"

ಆ ಕಟ್ಟಡ ಕೊನೆಯವರೆಗೂ ಆರ್ಡಿಸಳದೇ ಆಗಿ ಉಳಿಯಿತು. ಅದರ ಬೆನ್ನಿಗೆ ಬೇರೆಯವೂ ಬಂದವು. ವ್ಯಾನು ಬದಲಾಯಿತು, ಹೆಸರು ಬದಲಾಗಲಿಲ್ಲ. ಬೇರೆ ಕಂಪನಿಗಳ ಬೀಗಗಳಿಗೆ ಆಯಾ ಕಂಪನಿಯದೇ ಡಬ್ಬಿಗಳು ಸೇರಿದವು, ದೊಡ್ಡ ಬಣ್ಣದ ಡಬ್ಬಿ ಮಾತ್ರ ಎಂದೂ ವ್ಯಾನು ಹತ್ತಲಿಲ್ಲ.

ಆರ್ಡಿಸಳನ್ನು ಮಣ್ಣು ಮಾಡಿ ಬಂದ ಮೇಲೆ ನೊರೀನ್ ತನ್ನ ಕೀಲಿಕೈ ಕಳೆದುಕೊಂಡಳು. ಚರ್ಚಿನಲ್ಲೋ, ಸ್ಮಶಾನದ ಹುಲ್ಲಿನಲ್ಲೋ, ತಿಳಿಯಲಿಲ್ಲ. ಸೀಡರ್ ರ್ಯಾಪಿಡ್ಸ್‌ನಿಂದ ಬೀಗದವನೊಬ್ಬ ಬಂದ. ಬಾಗಿಲು ತೆಗೆದು, ಬೀಗ ಬಿಚ್ಚಿ, ಪಿನ್ನುಗಳನ್ನು ತಟ್ಟೆಗೆ ಸುರಿದುಕೊಂಡ. ಅಳೆದ. ಒಂದಾದ ಮೇಲೊಂದು ಅಂಕಿಯನ್ನು, ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆ ಓದುವವನ ಹಾಗೆ, ಗಟ್ಟಿಯಾಗಿ ಹೇಳಿದ.

"ಎಲ್ಲಾ ಅಚ್ಚುಕಟ್ಟು. ಯಾರು ಮಾಡಿದ್ದು ಇದು?"

"ನನ್ನ ಗೆಳತಿ."

"ಇದರ ಹಳೇ ಕೀ ಬೇಕಾಗೇ ಇಲ್ಲ ನನಗೆ," ಎಂದು ಅಂಕಿ ನೋಡಿಯೇ ಹೊಸದು ಕತ್ತರಿಸಿ ಕೊಟ್ಟ. ಅದು ಮೊದಲ ಸಲಕ್ಕೇ ತಿರುಗಿತು.

ಆರ್ಡಿಸಳ ಸಾಮಾನು ಆಗ ನೊರೀನಳ ಮನೆಯಲ್ಲೇ ಇತ್ತು. ಅವಳು ಚಿಕ್ಕ ಡಬ್ಬಿಯನ್ನು ತಂದು ಅವನ ಮುಂದಿಟ್ಟಳು. "ಕೆಲಸಕ್ಕೆ ಬರುತ್ತೇನೋ ನೋಡಿ."

ಅವನು ಮುಚ್ಚಳ ತೆಗೆದು ನೋಡಿ, ಮತ್ತೆ ಹಾಕಿ, ಚಿಲಕ ಬಿಗಿದ. ಆಮೇಲೆ ಡಬ್ಬಿಯನ್ನೆತ್ತಿ, ತಲೆಕೆಳಗು ಮಾಡಿ ಅಲುಗಾಡಿಸಿದ.

ನೊರೀನ್ ನಕ್ಕಳು. ಆ ವಾರ ಅವಳು ನಕ್ಕದ್ದು ಅದೇ ಮೊದಲು. ಅವನಿಗೆ ಕಾರಣ ತಿಳಿಯಲಿಲ್ಲ. ಮುಚ್ಚಳ ತೆಗೆದ. ಪಿನ್ನುಗಳೆಲ್ಲ ತಮ್ಮತಮ್ಮ ಗೂಡಿನಲ್ಲೇ ಇದ್ದವು.

"ತಗೊಂಡು ಹೋಗಿ," ಎಂದಳು ನೊರೀನ್.