ಕಡಲಿನಿಂದ ಕಾಣುವ ಸಂದು

ಸೂರ್ಯಪ್ರಕಾಶ ಚಿತ್ರದುರ್ಗದ ಕಡೆಯವನು. ವಿಜಯವಾಡದ ಆಟೋನಗರದಲ್ಲಿ, ಲಾರಿ ಗ್ಯಾರೇಜುಗಳ ಮೇಲಿನ ಮಹಡಿಯ ಒಂದು ಕಚೇರಿಯಲ್ಲಿ ನಕ್ಷೆ ಬರೆಯುತ್ತಾ ಹದಿನಾಲ್ಕು ವರ್ಷ ಕಳೆದಿದ್ದ. ಗೋದಾಮು, ಪಂಪ್‌ಹೌಸು, ಕರೆಂಟಿನ ಸಬ್‌ಸ್ಟೇಷನ್ನು, ಇವೇ ಅವನ ಪಾಲಿಗೆ ಬರುತ್ತಿದ್ದವು. ಯಾರೂ ತಿರುಗಿ ನೋಡದ ಕಟ್ಟಡಗಳು. ಅವನಿಗೆ ಮಾತ್ರ ಒಂದು ಹಟ: ತಾನು ಬರೆದ ಕಟ್ಟಡ ಕಣ್ಣಿಗೆ ಚುಚ್ಚಬಾರದು, ಮೊದಲಿನಿಂದಲೂ ಅಲ್ಲೇ ಇದ್ದಂತಿರಬೇಕು.

೨೦೦೪ರಲ್ಲಿ ವಿಶಾಖಪಟ್ಟಣದಾಚೆ, ಭೀಮಿಲಿ ದಾರಿಯಲ್ಲಿ, ಗುಡ್ಡದ ಬುಡಕ್ಕೊಂದು ಸಬ್‌ಸ್ಟೇಷನ್ ಕಟ್ಟುವ ಕೆಲಸ ಬಂತು. ಆ ಗುಡ್ಡದ ಕಲ್ಲನ್ನು ವರ್ಷವಿಡೀ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಮಳೆಗೆ ಯಾವ ಬಣ್ಣ, ಬೇಸಿಗೆಗೆ ಯಾವ ಬಣ್ಣ ಎಂದು ನೋಡಿ ನೋಡಿ ಗೋಡೆಗೆ ಕೆಂಗಂದು ಆರಿಸಿದ. ನಕ್ಷೆಯಂತೆ ಕಟ್ಟಿದರೆ, ರಸ್ತೆಯಲ್ಲಿ ನಿಂತವರಿಗೆ ಕಟ್ಟಡ ಗುಡ್ಡದಲ್ಲೇ ಕರಗುವಂತಿತ್ತು. ಕಚೇರಿಯ ಯಜಮಾನರು, ಧಾರವಾಡದ ಬಾಲಚಂದ್ರ, ಮೆಚ್ಚಿ ಸಹಿ ಹಾಕಿದರು.

ಎತ್ತರ ತಿಳಿಯಲೆಂದು ಜಾಗದಲ್ಲಿ ಬಿದಿರು ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಿಸುವುದು ಅವನ ಪದ್ಧತಿ. ನಲವತ್ತೆರಡು ಅಡಿ. ಬಟ್ಟೆ ಕಂಡು ದಡದಿಂದ ಯಲ್ಲಾಜಿ ಎಂಬ ಮೀನುಗಾರ ಮುದುಕ ಬಂದ.

"ಅಷ್ಟೆತ್ತರ ಕಟ್ತೀರಾ ಬಾಬು?" ಎಂದು ತೆಲುಗಿನಲ್ಲಿ ಕೇಳಿದ.

"ಹೂಂ ತಾತಾ. ಆದ್ರೆ ಕಾಣೋದೇ ಇಲ್ಲ, ಗುಡ್ಡದ ಬಣ್ಣಾನೇ ಹೊಡೆಸ್ತೀವಿ."

"ಅಯ್ಯೋ ಬಾಬು, ಹಾಗೆ ಕಟ್ಟಿದ್ರೆ ನಮಗೆ ಮನೆ ದಾರೀನೇ ಕಾಣಲ್ಲ. ದೋಣಿ ಹತ್ತಿ, ತೋರಿಸ್ತೀನಿ."

ಸೂರ್ಯಪ್ರಕಾಶ ಹುಟ್ಟಿದಾಗಿನಿಂದ ಕಡಲಿಗಿಳಿದವನಲ್ಲ. ಎರಡು ಸಲ ವಾಂತಿ ಮಾಡಿಕೊಂಡ.

"ಮೀನಿಗೆ ಊಟ ಹಾಕಿದ್ದು ಸಾಕು, ತಲೆ ಎತ್ತಿ," ಎಂದು ಯಲ್ಲಾಜಿ ನಕ್ಕ.

ಎತ್ತಿದ. ದೂರದಲ್ಲಿ ಎರಡು ಗುಡ್ಡ, ನಡುವೆ ಒಂದು ಸಂದು. ದಡದ ಮುಂದೆ ನೀರಿನಡಿ ಉದ್ದಕ್ಕೂ ಬಂಡೆ. ಆ ಸಂದಿಗೆ ನೇರ ಮೂತಿಯಿಟ್ಟು ಬಂದ ದೋಣಿ ಮಾತ್ರ ಬಂಡೆ ತಪ್ಪಿಸಿ ದಡ ಸೇರುತ್ತದೆ. ತಾತ ಮುತ್ತಾತಂದಿರ ಗುರುತು ಅದು. ಸರಿಯಾಗಿ ಅದರ ನಡುವೆಯೇ ಕೆಂಪು ಬಟ್ಟೆ ಹಾರಾಡುತ್ತಿತ್ತು. ಅಲ್ಲಿ ಗುಡ್ಡದ ಬಣ್ಣದ ಗೋಡೆ ಎದ್ದರೆ ಎರಡು ಗುಡ್ಡವೂ ಒಂದಾಗಿ ಕಾಣುತ್ತವೆ. ತನ್ನ ಜಾಣತನವೇ ದೋಣಿಗಳನ್ನು ಬಂಡೆಗೆ ಬಡಿಸುವುದಿತ್ತು ಎಂದು ಅವನಿಗೆ ಹೊಳೆಯಿತು.

ಬಾಲಚಂದ್ರರು ರೇಗಿದರು. "ಸಹಿ ಆದ ನಕ್ಷೆ ತಿದ್ದತೀನಿ ಅಂತೀಯಲ್ಲೋ, ತಲಿಗೆ ಬಿಸಲು ಹತ್ತೇದೇನು?"

"ರಸ್ತೇಲಿ ನಿಂತು ಮಾತ್ರ ನೋಡಿದ್ದು ನನ್ನ ತಪ್ಪು ಸರ್."

"ಕಟ್ಟಸೋರು ಒಪ್ಪಲಿಲ್ಲಂದ್ರ ನಿನ್ನ ಕೆಲಸಾ ಹೋಗ್ತದ. ನಂದಲ್ಲ!"

"ಹೋಗ್ಲಿ ಸರ್."

ಬಾಲಚಂದ್ರರು ಸಹಿಯಾದ ನಕ್ಷೆಯನ್ನು ಅವನತ್ತ ತಳ್ಳಿದರು. "ಹನ್ನೆರಡ ದಿನಾ ಕೊಡತೀನಿ. ನಡೀ."

ಹನ್ನೊಂದೇ ದಿನದಲ್ಲಿ ಮುಗಿಸಿದ. ಒಂದರ ಮೇಲೊಂದಿದ್ದ ಕೋಣೆಗಳನ್ನು ಪಕ್ಕಪಕ್ಕಕ್ಕೆ ಇಳಿಸಿದ, ಚಾವಣಿಯನ್ನು ಗುಡ್ಡದ ಇಳಿಜಾರಿನಂತೆಯೇ ಬಾಗಿಸಿದ. ಎತ್ತರ ಹತ್ತೊಂಬತ್ತು ಅಡಿಗೆ ಬಂತು. ಬಿದಿರನ್ನು ಅಷ್ಟಕ್ಕೆ ಕಡಿಸಿ, ಮತ್ತೆ ದೋಣಿ ಹತ್ತಿ, ಮತ್ತೆ ವಾಂತಿ ಮಾಡಿ, ಸಂದು ಚೆನ್ನಾಗಿ ಕಾಣುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನಕ್ಷೆ ಕೊಟ್ಟ. ಕಟ್ಟಿಸುವವರು ಒಪ್ಪಿದರು. ಅವನ ಕೆಲಸವೂ ಉಳಿಯಿತು.

೨೦೦೬ಕ್ಕೆ ಕಟ್ಟಡ ಮುಗಿಯಿತು. ಯಲ್ಲಾಜಿಗೆ ಕೈ ಮುಗಿದು ಬರೋಣವೆಂದು ಹೋದರೆ, ಮುದುಕನ ಹೆಂಡತಿ ಬುಟ್ಟಿ ತುಂಬ ಒಣಮೀನು ತಂದಿಟ್ಟಳು. ಸೂರ್ಯಪ್ರಕಾಶನ ಮನೆಯೊಳಕ್ಕೆ ಮೊಟ್ಟೆಯೂ ಬರುವುದಿಲ್ಲ. ಆದರೂ ಬೇಡವೆನ್ನಲು ಬಾಯಿ ಬರಲಿಲ್ಲ.

ವಿಜಯವಾಡಕ್ಕೆ ಮರಳುವ ರತ್ನಾಚಲ್ ರೈಲು ತುನಿ ದಾಟುವಷ್ಟರಲ್ಲಿ ಬೋಗಿಯವರೆಲ್ಲ ಮೂಗು ಮುಚ್ಚಿಕೊಂಡರು.

"ಯಾರದಂಡೀ ಈ ಬುಟ್ಟಿ? ಕಿಟಕಿಯಾಚೆ ಎಸೀರಿ!" ಎಂದು ಎದುರಿನವನು ಕೂಗಿದ.

"ನಂದು," ಎಂದು ಸೂರ್ಯಪ್ರಕಾಶ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ. "ನಮ್ಮ ಗುರುಗಳು ಕೊಟ್ಟಿದ್ದು."