ಬಸವಂತಪ್ಪನವರ ನಲವತ್ತು ಸೊಳ್ಳಿಪರದೆ

ಗಂಡನ ಹೆಸರು ಹೇಳಬಾರದು ಅಂತಾರ. ಸಿಟ್ಟು ಬಂದಾಗ ನಾ ಹೇಳ್ತೀನಿ: ಬಸವಂತಪ್ಪ. ಧಾರವಾಡದವರು. ಲಂಡನ್ನಿನ ದವಾಖಾನಿ ಲ್ಯಾಬಿನಾಗ ಮೂವತ್ತು ವರ್ಷ ಮಂದಿ ರಕ್ತದಾಗ ಮಲೇರಿಯಾ ಹುಡುಕಿ ರಿಟೈರ್ ಆದರು. ಇನ್ನಾದರೂ ಮನ್ಯಾಗ ಕೂಡ್ತಾರಂದ್ರ, ಇಲ್ಲೇ ನಮ್ಮ ಮನಿ ಹತ್ರ ಕೆಂಟನ್ನಿನ ಚರ್ಚ್ ಹಿಡಕೊಂಡ್ರು. ಕೊರಳಾಗ ಲಿಂಗ, ಕಾಲು ಚರ್ಚಿನಾಗ!

ಅಲ್ಲಿಗೆ ಎಳದಾಕಿ ಟಿಯಾಮಿಕೆ. ಇವರ ದವಾಖಾನಿಯ ನರ್ಸ್, ಮಲಾವಿ ದೇಶದಾಕಿ. ಆಕಿ ಊರಾಗ ಚರ್ಚಿನವರದೊಂದು ಸಣ್ಣ ದವಾಖಾನಿ ಐತಿ. ಮಳಿ ಶುರುವಾತಂದ್ರ ಅಲ್ಲಿ ಮಲೇರಿಯಾ. ಹೋದ ವರ್ಷ ಆಕಿ ತಂಗಿಯ ಎರಡು ವರ್ಷದ ಕೂಸು ಅದರಾಗ ಹೋತು. ಆ ತಂಗಿ ಈಗ ಮತ್ತ ಬಸುರಿ. ಆಕಿನ್ನೂ ಹಿಡದು ಆ ದವಾಖಾನ್ಯಾಗ ಹೆಸರು ಬರೆಸಿದ ಬಸುರ್ಯಾರು ನಲವತ್ತು ಮಂದಿ. ಮಳಿಗಿಂತ ಮೊದಲ ನಲವತ್ತು ಸೊಳ್ಳಿಪರದೆ ಮುಟ್ಟಬೇಕು.

ಎಂಟು ತಿಂಗಳು ಇವರು ಅದಕ್ಕ ಅಡ್ಡಾಡಿದರು. ನಮ್ಮ ಮಂದಿ, "ಚರ್ಚಿನ ಕೆಲಸ ನಮಗ್ಯಾಕ್ರೀ?" ಅಂದ್ರು. ರೇನರ್ಸ್ ಲೇನಿನ ಮಧುಸೂದನ್ ಡಾಕ್ಟರು ಚಾ ಕುಡಿಸಿ ಕಳಿಸಿದರು, ಅಷ್ಟ. ಚರ್ಚಿನ ಕಮಿಟಿಯವರದು ಮೀಟಿಂಗ್ ಮ್ಯಾಲ ಮೀಟಿಂಗ್. "ಇವರ ಮೀಟಿಂಗ್ ಮುಗಿಯೂತನಕ ಸೊಳ್ಳಿ ಕಾಯತಾವೇನ?" ಅಂತ ಮನಿಗೆ ಬಂದು ನನ್ನ ಮ್ಯಾಲ ಒದರೋರು. ಅಂತೂ ರೊಕ್ಕ ಕೂಡಿ ಪರದೆ ಬಂದವು. ಪೆಟ್ಟಿಗಿ ನಮ್ಮ ಪಡಸಾಲ್ಯಾಗ ಇಟ್ಟು, ಎರಡು ದಿನ ಲೆಸ್ಟರಿಗೆ ಯಾವುದೋ ಚರ್ಚಿನ ಸಭಾಕ್ಕ ಹೋದರು.

ನಾ ಒಂದು ಪರದೆ ಬಿಚ್ಚಿದೆ. ಅಯ್ಯ ಶಿವನ, ಏನು ಔಷಧದ ವಾಸನಿ! ಹೊಸ ಬಟ್ಟಿ ಒಗೀಲಾರದನ ಬಾಣಂತಿ ಹಾಸಿಗಿಗೆ ಯಾರಾದ್ರೂ ಕಟ್ಟತಾರೇನು? ಎರಡು ದಿನ ಮಷೀನಿಗೆ ಪುರಸೊತ್ತಿಲ್ಲ. ಸುಡುಸುಡು ನೀರು, ಸೋಡಾ, ವಾಸನಿ ಹೋಗೂತನಕ ಎರಡೆರಡು ಸಲ. ಒಂದೊಂದರ ಮೂಲಿಗೂ ಅರಿಶಿಣ ಹಚ್ಚಿ ಮಡಚಿಟ್ಟೆ. ಒಗಿಯೂದು ಕಡೀದೊಂದು ಉಳದಿತ್ತು, ಅಷ್ಟರಾಗ ಇವರು ಟಿಯಾಮಿಕೆನ್ನ ಕರಕೊಂಡು ಬಂದರು. ಮರುದಿನ ಆಕಿ ವಿಮಾನ.

"ವಾಸನಿ ಎಲ್ಲಾ ತಗದೀನಿ ನೋಡ್ರಿ," ಅಂದೆ.

ಇವರು ಸೋಫಾದ ಮ್ಯಾಲ ಕುಸದರು. "ಆ ವಾಸನೀನ ಸೊಳ್ಳಿ ಕೊಲ್ಲೂ ಔಷಧ ಇತ್ತಲ್ಲೇ! ಬರೇ ಪರದಿಗೆ ಮೈ ತಾಗಿದ್ರ ಹೊರಗಿಂದನ ಕಡೀತಾವ. ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿಟ್ಟಿಯಲ್ಲ! ಪಾಕೀಟಿನ ಮ್ಯಾಲ ಬರದಾರ, ಓದಾಕ ಬರೂದಿಲ್ಲೇನ ನಿನಗ?"

"ಎಂಟು ತಿಂಗಳು ಊರಿಗೆಲ್ಲ ಹೇಳಕೋತ ತಿರಗಿದ್ರಿ, ಮನ್ಯಾಗಿದ್ದಾಕಿಗೆ ಒಂದು ಮಾತು ಹೇಳಿದ್ರೇನು?" ಅಂತ ನಾನೂ ಒದರಿದೆ. ಖರೇ ಅಂದ್ರ ಸಿಟ್ಟು ನನ್ನ ಮ್ಯಾಲನ ಇತ್ತು.

ಟಿಯಾಮಿಕೆಗೆ ಇವರು ಇಂಗ್ಲಿಷಿನಾಗ ತಿಳಿಸಿ ಹೇಳಿದರು. ಆಕಿ ಒಂದು ಪರದೆ ಮೂಗಿಗೆ ಹಿಡದು ನೋಡಿದಳು. ನನ್ನ ಬೈಲಿಲ್ಲ. "ಏನೂ ಇಲ್ಲದ್ದಕ್ಕಿಂತ ಇದು ಚಲೋ," ಅಂತ ಒಂದೊಂದ ಸೂಟ್‌ಕೇಸಿಗೆ ತುಂಬಿದಳು. ಒಗೀಲಾರದ ಉಳದ ಪರದೆ ಕಡೀಗೆ ಕೈಗೆ ಬಂತು. ಅದನ್ನ ತೊಡಿ ಮ್ಯಾಲ ಇಟ್ಟುಕೊಂಡು ಹಂಗ ಕುಂತಳು.

"ಅದನ್ನ ತಂಗಿಗೆ ಕೊಡವಾ," ಅಂದೆ.

"ನಲವತ್ತೂ ಮಂದಿ ಸಾಲಾಗಿ ನಿಂತಿರ್ತಾರ, ಆಂಟಿ. ಉಳದವರ ಮುಂದ ಇದೊಂದನ್ನ ನನ್ನ ತಂಗಿ ಕೈಗೆ ಹೆಂಗ ಇಡ್ಲಿ?" ಅಂದಳು.