ಜಮಖಾನ ಕೊಡ್ತೀನಿ ಅಂದಿದ್ದೆ

ನನ್ನ ಮೊಮ್ಮಗಳು ಮಾತಾಡ್ತಾಳೆ! ಇದನ್ನ ಮೊದಲೇ ಹೇಳಿಬಿಡ್ತೀನಿ, ಉಳಿದದ್ದು ಹೇಳೋಕೆ ಆಮೇಲೆ ಧೈರ್ಯ ಬೇಕು. ಐದು ತುಂಬೋವರೆಗೂ "ಅವ್ವ" ಅಂತಲೂ ಅನ್ನದಿದ್ದ ಕೂಸು, ಈಗ ಕೋಳಿಗೂ ಬೈತಾಳೆ, ತಡವಾಗಿ ಬಂದ ಬಸ್ಸಿಗೂ ಬೈತಾಳೆ. ನಾನು ಕೇಳಿಸಿಕೊಂಡು ಕಣ್ಣೀರು ಒರೆಸಿಕೊಳ್ತೀನಿ.

ನನ್ನ ಮಗಳನ್ನ ಮೊಳಕಾಲ್ಮೂರಲ್ಲಿ ಮಗ್ಗದ ಮನೆಗೆ ಕೊಟ್ಟಿದೀವಿ. ಅವಳಿಗೆ ನೇಯೋದರಿಂದ ಬಿಡುವಿಲ್ಲ ಅಂತ ಮೊಮ್ಮಗಳು ಬೆಳೆದದ್ದೆಲ್ಲ ಚಳ್ಳಕೆರೆಯಲ್ಲಿ, ನನ್ನ ಮಗ್ಗುಲಲ್ಲೇ. ಮಾತಿಲ್ಲದ ಮಗು ತಾನೇ, ಅದಕ್ಕೇನು ತಿಳಿಯುತ್ತೆ ಅಂತ ಅವಳ ಎದುರಿಗೇ ಮಂಡಿಯೂರಿ, ತಲೆ ಮೇಲೆ ಟವೆಲ್ ಹಾಕಿಕೊಂಡು ಗಟ್ಟಿಯಾಗಿ ಪ್ರಾರ್ಥನೆ ಮಾಡ್ತಿದ್ದೆ. ಅದೂ ತೆಲುಗಲ್ಲಿ. ನನ್ನ ತವರು ಗಡಿ ಕಡೆ. ಕಣ್ಣು ಮುಚ್ಚಿದರೆ ಅವ್ವನ ಮಾತೇ ಬರುತ್ತೆ.

ತವರಲ್ಲಿ ಅವ್ವ ದನಕ್ಕೆ ಕಾಯಿಲೆ ಬಂದರೂ ಮಾರಮ್ಮನಿಗೆ ಹರಕೆ ಹೊರುತ್ತಿದ್ದಳು. ನಾನು ಮದುವೆಯಾಗಿ ಬಂದು ಯೇಸುವನ್ನ ನಂಬಿದೆ, ಸಭೆಗೆ ಸೇರಿದೆ. ಆದರೆ ಕೇಳೋ ರೀತಿ ಮಾತ್ರ ತವರಿನಿಂದ ಕಟ್ಟಿಕೊಂಡು ಬಂದದ್ದೇ. "ಮಗೂಗೆ ಮಾತು ಕೊಡು, ಸಭೆಗೆ ಜಮಖಾನ ಕೊಡ್ತೀನಿ" ಅಂತ ದಿನಾ ಬೆಳಿಗ್ಗೆ ಚೌಕಾಸಿ ಮಾಡ್ತಿದ್ದೆ.

ಮಾತು ಬಂತು. ಮಗಳ ಮನೆಯಲ್ಲಿ ಸ್ತೋತ್ರದ ಕೂಟ ಇಟ್ಟರು. ನಾನು ಕೆಂಪು ಪಟ್ಟೆಯ ಹೊಸ ಜಮಖಾನ ಬಸ್ಸಿನ ಸೀಟಿನ ಮೇಲಿಟ್ಟು, ನಾನು ನಿಂತುಕೊಂಡೇ ಮೊಳಕಾಲ್ಮೂರಿಗೆ ಹೋದೆ. ಮಗ್ಗದ ಪಕ್ಕ ಹಾಸಿದೆವು. ಎಲ್ಲರೂ ಅದರ ಮೇಲೇ ಕೂತರು.

"ಸಾಕ್ಷಿ ಹೇಳಮ್ಮ, ದೇವರು ನಿನಗೇನು ಮಾಡಿದ ಅಂತ" ಅಂದರು ಸಭೆಯ ಅಯ್ಯನೋರು.

ಎದ್ದು ನಿಂತೆ. ಖುಷಿ ತಲೆಗೇರಿತ್ತು. "ನಾನು ಏನೂ ಬೇಡಲಿಲ್ಲರೀ. ದೇವರನ್ನೇ ಹುಡುಕಿದೆ. ಈ ಜಮಖಾನಾನೂ ಬರೀ ಪ್ರೀತಿಗೆ ತಂದಿದ್ದು" ಅಂದೆ. ಎಲ್ಲರೂ "ಸ್ತೋತ್ರ" ಅಂದರು. ನಾನೂ ಅಂದೆ.

ಅಯ್ಯನೋರು ಮೊಮ್ಮಗಳ ಗಲ್ಲ ಸವರಿ, "ನೀನೊಂದು ಪ್ರಾರ್ಥನೆ ಮಾಡ್ತೀಯಾ, ತಾಯೀ?" ಅಂತ ಕೇಳಿದರು.

ಅವಳು ಓಡಿಹೋಗಿ ಟವೆಲ್ ತಂದಳು. ನನ್ನ ಹಾಗೇ ಸೊಂಟ ಹಿಡಿದುಕೊಂಡು, "ಅಯ್ಯಪ್ಪಾ" ಅಂತ ನರಳುತ್ತಾ ಮಂಡಿಯೂರಿದಳು. ಒಂದು ಕಣ್ಣು ಮುಚ್ಚಿ, ಒಂದು ಕಣ್ಣಲ್ಲಿ ನಮ್ಮನ್ನ ನೋಡುತ್ತಾ ಶುರು ಮಾಡಿದಳು: "ದೇವಾ, ಮಾಟ ಇಯ್ಯಿ, ಜಮಖಾನ ಇಸ್ತಾ. ಇಯ್ಯಿ ದೇವಾ, ಇಯ್ಯಿ. ಕೆಂಪುದೇ ಇಸ್ತಾ. ಆಮೆನ್."

ಮಾತು ಕೊಡು, ಜಮಖಾನ ಕೊಡ್ತೀನಿ ಅಂತ! ಆ ಊರಲ್ಲಿ ತೆಲುಗು ಬಾರದವರು ಯಾರಿದಾರೆ? ಒಬ್ಬೊಬ್ಬರೇ ತಾವು ಕೂತ ಜಮಖಾನ ನೋಡಿಕೊಂಡರು. ನನ್ನ ಬೀಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು, "ಹಂಗಾದ್ರೆ ನಿಮ್ಮ ಹರಕೆ ಮ್ಯಾಲೆ ಕೂತೀವಿ ಅನ್ರಿ, ಬೀಗಿತ್ತಿ!" ಅಂದಳು. ಮನೆಯೆಲ್ಲ ನಕ್ಕಿತು. ಅಯ್ಯನೋರೂ ನಕ್ಕರು. ನನ್ನ ಕಿವಿ ಕಾದುಹೋಯಿತು. ಅಯ್ಯೋ, ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು! ಬಾಚಿ ತಬ್ಬಿಕೊಳ್ಳಬೇಕು ಅನ್ನಿಸಿತು, ಕಣ್ಣೆತ್ತೋಕೆ ಮಾತ್ರ ಆಗಲಿಲ್ಲ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅದೇ ಜಮಖಾನದ ಮೇಲೆ ಮಂಡಿಯೂರಿದೆ. ಏನೂ ಕೇಳದೆ ಒಂದು ಪ್ರಾರ್ಥನೆ ಮಾಡೋಣ ಅಂದುಕೊಂಡೆ. ಬಾಯಿಗೆ ಒಂದು ಮಾತೂ ಬರಲಿಲ್ಲ. ಇಷ್ಟು ವರ್ಷ ಅವನ ಜೊತೆ ಮಾತಾಡಿದೆ ಅಂದುಕೊಂಡಿದ್ದೆ. ಕೇಳೋದನ್ನ ತೆಗೆದರೆ ಉಳಿದದ್ದು "ದೇವಾ" ಮತ್ತೆ "ಆಮೆನ್". ಅಂಗಡಿ ಮುಂದೆ ನಿಂತಂಗೆ ನಿಂತಿದ್ದೆ, ಒಳಗೆ ಯಾರಿದಾರೆ ಅಂತ ಇಣುಕಿರಲಿಲ್ಲ. ಮೂಗಿಯಾಗಿದ್ದವಳು ನಾನೇ.

ಮೊಮ್ಮಗಳು ಬಂದು ತೊಡೆ ಮೇಲೆ ಕೂತಳು. ಅವಳಿಗೆ ಮಾತಿಲ್ಲದಾಗ ನಾವಿಬ್ಬರೂ ಹೀಗೇ ಕೂತು ಶೇಂಗಾ ಸುಲಿಯುತ್ತಿದ್ದೆವು. ಹಾಗೆ ಕೂತಷ್ಟು ಹೊತ್ತು ನನಗೆ ಅವಳ ಮಾತು ಬೇಕು ಅನ್ನಿಸುತ್ತಿರಲಿಲ್ಲ, ಅವಳು ಮಗ್ಗುಲಲ್ಲಿದ್ದರೆ ಸಾಕಾಗಿತ್ತು.

"ಅಜ್ಜೀ, ಏನ್ ಕೇಳ್ತಿದೀಯಾ?"

"ಏನೂ ಇಲ್ಲ ಕಣವ್ವ."

"ಮತ್ಯಾಕೆ ಕೂತೀಯಾ?"

"ಅವನ ಜೊತೆ ಸುಮ್ನೆ ಕೂತಿದೀನಿ. ಕಲೀಬೇಕು."

ಅವಳೂ ಸುಮ್ಮನಾದಳು. ಅವಳ ಭಾರಕ್ಕೆ ನನ್ನ ಮಂಡಿ ಕಿತ್ತು ಬರುತ್ತಿತ್ತು. "ದೇವಾ, ಈ ನೋವೊಂದು..." ಅಂತ ನಾಲಿಗೆ ತುದಿಗೆ ಬಂತು. ತುಟಿ ಕಚ್ಚಿಕೊಂಡು ಹಂಗೇ ಕೂತೆ.